ದಬ್ಬಣಪ್ಪನ ಮನೆಯ ಹಾಸಿಗೆ

ಹಾಸಿಗೆ ಹೊಲಿಯುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಹಾಸಿಗೆ ಓದುವವನು ಮಾತ್ರ ಅವನೊಬ್ಬನೇ. ಹೆತ್ತವರು ಇಟ್ಟ ಹೆಸರು ಕರೆಂಟು ಬಿಲ್ಲಿನ ಮೇಲಷ್ಟೇ ಉಳಿದಿತ್ತು, ಜನರ ಬಾಯಲ್ಲಿ ಅವನು ದಬ್ಬಣಪ್ಪ. ಆಳು ಉದ್ದ, ಸಣಕಲು, ಮೂಗು ಚೂಪು. ಸಾಲದ್ದಕ್ಕೆ, ಯಾರ ಮನೆಯ ವಿಷಯವಾದರೂ ಸರಿ, ಈ ಮಗ್ಗುಲಿನಿಂದ ಹೊಕ್ಕು ಆ ಮಗ್ಗುಲಿಗೆ ಹೊರಬರುವ ಚಾಳಿ ಬೇರೆ. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಅಳತೆ ತೆಗೆದೇ ಇಟ್ಟಿದ್ದರು.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಂಗಡಿಯ ಮೂಲೆಯಲ್ಲಿ ಹತ್ತಿ ಹಿಂಜುವ ಯಂತ್ರ. ಅದು ಶುರುವಾದರೆ ಮಾತು ನಿಲ್ಲಬೇಕು, ಮೂಗಿಗೆ ಬಟ್ಟೆ ಕಟ್ಟಬೇಕು. ಸಂಜೆಯ ಹೊತ್ತಿಗೆ ದಬ್ಬಣಪ್ಪನ ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆ ಕೂತು ವಯಸ್ಸು ಇಪ್ಪತ್ತು ವರ್ಷ ಮೇಲೇರಿರುತ್ತಿತ್ತು. ಪರದೆಯ ಆಚೆ, ಕಿಟಕಿಯ ಪಕ್ಕ, ಅವನ ಹೆಂಡತಿಯ ಹೊಲಿಗೆ ಯಂತ್ರ. ಪಟ್ಟೆಪಟ್ಟೆಯ ದಪ್ಪ ಬಟ್ಟೆಯಲ್ಲಿ ಅವಳು ಹಾಸಿಗೆಯ ಚೀಲ ಹೊಲಿದು ಕೊಡುವಳು. ಇವನು ಅದಕ್ಕೆ ಹತ್ತಿ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ದಬ್ಬಣ ತೂರಿಸಿ ಗೇಣಿಗೊಂದು ಗಂಟು ಹಾಕುವನು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇಬ್ಬರೂ ಆಡಿದ ಮಾತಿನ ಮುಕ್ಕಾಲು ಪಾಲು ಆ ಪರದೆಯ ಮೂಲಕ ಆಡಿದ್ದೇ. "ಏನ್ರೀ, ನಾಲ್ಕಡಿಯೋ, ಆರಡಿಯೋ?" "ಆರು ಕಣೇ." ಗಂಡಹೆಂಡಿರಿಗೆ ಅಷ್ಟು ಮಾತು ಸಾಕು ಎಂದು ಅವನು ತಿಳಿದಿದ್ದ.

ಯಾರಾದರೂ ಹಳೆಯ ಹಾಸಿಗೆ ತಂದರೆ ಅವನು ಮೊದಲು ಏನನ್ನೂ ಕೇಳುತ್ತಿರಲಿಲ್ಲ. ಅದನ್ನು ನೆಲಕ್ಕೆ ಹಾಸಿ, ಮಂಡಿಯೂರಿ, ಕಣ್ಣು ಮುಚ್ಚಿ, ತಲೆಯ ಕಡೆಯಿಂದ ಕಾಲಿನ ಕಡೆಗೆ ಅಂಗೈ ಆಡಿಸುವನು. "ಎಡಗಡೆ ಮಲಗೋರು ದಪ್ಪ ಇದಾರೆ. ಬಲಗಡೆಯವರು ಗೋಡೆಗೆ ಮುಖ ಮಾಡಿ ಮಲಗ್ತಾರೆ. ಮಧ್ಯೆ ಒಂದು ಮಗು ಮಲಗ್ತಿತ್ತು, ಈಗ ಬೇರೆ ಮಲಗುತ್ತೆ." ಬಂದವರು ಬಾಯಿ ಬಿಟ್ಟುಕೊಂಡು ನೋಡುವರು. ಭಾರ ಬಿದ್ದ ಕಡೆ ಹತ್ತಿ ಕುಸಿಯುತ್ತದೆ, ಬೀಳದ ಕಡೆ ಕುಸಿಯುವುದಿಲ್ಲ, ಇದರಲ್ಲಿ ಮಾಟಮಂತ್ರ ಏನೂ ಇಲ್ಲ ಎಂದು ಹೆಂಡತಿ ಒಳಗಿನಿಂದ ಎಷ್ಟೋ ಸಲ ಹೇಳಿದ್ದಳು. ಆ ಮಾತು ಅವನಿಗೆ ರುಚಿಸುತ್ತಿರಲಿಲ್ಲ.

ಅವನಿಗೆ ನಿಜವಾಗಿ ಕೊಂಬು ಬಂದದ್ದು ಟೀಚರ್ ಹಾಸಿಗೆಯಿಂದ. ರಿಟೈರಾದ ಟೀಚರು, ಗಂಡ ತೀರಿಹೋಗಿ ಏಳು ತಿಂಗಳಾಗಿತ್ತು. ಇಬ್ಬರು ಮಲಗುವ ದೊಡ್ಡ ಹಾಸಿಗೆಯನ್ನು ಆಟೋದ ಮೇಲೆ ಹೇರಿಕೊಂಡು ಬಂದು, ಬಲಗಡೆ ಉಬ್ಬಿದೆ, ನಿದ್ದೆ ಬರುತ್ತಿಲ್ಲ ಎಂದರು. ಬಿಚ್ಚಿ, ಹಿಂಜಿ, ತುಂಬಿ ಕೊಟ್ಟ. ಎರಡು ವಾರಕ್ಕೆ ಮತ್ತೆ ಆಟೋ. ಈಗ ಎಡಗಡೆ ಜಗ್ಗುತ್ತದಂತೆ. ಅದನ್ನೂ ಸರಿ ಮಾಡಿದ. ಮೂರನೇ ಸಲ, ತುಂಬಾ ದಪ್ಪವಾಯಿತು ಎಂದು ತಂದಾಗ ದಬ್ಬಣಪ್ಪ ತಲೆ ಕೆರೆದುಕೊಂಡು ನಿಂತ. ಟೀಚರು ಹೋದ ಮೇಲೆ ಪರದೆಯ ಹಿಂದಿನಿಂದ ಹೆಂಡತಿ ಕೂಗಿ ಹೇಳಿದಳು.

"ಏನ್ರೀ, ಅದನ್ನ ಕತ್ತರಿಸಿ ಒಬ್ಬರಿಗೆ ಆಗೋಷ್ಟು ಮಾಡಿಕೊಡಿ. ಅವರು ಮಲಗೋದು ಒಂದು ಕಡೆ. ಇನ್ನೊಂದು ಕಡೆ ಖಾಲಿ ಬಿದ್ದಿರೋದನ್ನ ನೋಡ್ಕೊಂಡು ಯಾರಿಗೆ ನಿದ್ದೆ ಬರುತ್ತೆ? ಉಳಿದ ಹತ್ತೀಲಿ ಕೂರೋಕೆ ಎರಡು ಹಾಸು ಮಾಡಿ. ಯಾರಾದ್ರೂ ಬಂದು ಕೂರಲಿ."

ಹಾಗೇ ಮಾಡಿದ. ಟೀಚರು ಒಂದು ತಿಂಗಳಾದ ಮೇಲೆ ಬರಿಗೈಯಲ್ಲಿ ಬಂದು, "ನೀವು ಹಾಸಿಗೆ ರಿಪೇರಿ ಮಾಡಲಿಲ್ಲ, ನನ್ನನ್ನೇ ರಿಪೇರಿ ಮಾಡಿದ್ರಿ" ಎಂದರು. ದಬ್ಬಣಪ್ಪ ಕೈಮುಗಿದು, "ಕೆಲವರಿಗೆ ನೋಯೋದು ಮೈ, ಕೆಲವರಿಗೆ ಮನಸ್ಸು. ನಾವು ಅದನ್ನ ತಿಳ್ಕೋಬೇಕು" ಎಂದ. ಒಳಗೆ ಹೊಲಿಗೆ ಯಂತ್ರ ಒಂದು ಗಳಿಗೆ ನಿಂತು ಮತ್ತೆ ಓಡಿತು.

ಅಲ್ಲಿಂದಾಚೆ ಅವನನ್ನು ಹಿಡಿಯುವವರೇ ಇರಲಿಲ್ಲ. ಯಾರೇ ಬರಲಿ, "ಮೈಯಾ, ಮನಸ್ಸಾ?" ಎಂಬ ಪ್ರಶ್ನೆ. ಒಂದೊಂದು ಸಲ ಸರಿಯಾಗಿಯೇ ನಾಟುತ್ತಿತ್ತು ಎನ್ನಿ. ಹೊಸ ದಿಂಬಿನಲ್ಲಿ ಮಲಗಲೊಲ್ಲದೆ ಅಳುವ ಮಗುವಿಗೆ, ಹಳೇ ದಿಂಬಿನಿಂದ ಎರಡು ಹಿಡಿ ಹತ್ತಿ ತೆಗೆದು ಹೊಸದರ ಮೇಲ್ಭಾಗಕ್ಕೆ ತುಂಬಿಕೊಟ್ಟ. ಮಗು ವಾಸನೆ ಹಿಡಿದು ಮಲಗಿತು. ಆದರೆ ಎಲ್ಲರೂ ಹಾಲು ಕುಡಿಯುವ ಮಕ್ಕಳಲ್ಲವಲ್ಲ. ಬಸ್ ಡ್ರೈವರೊಬ್ಬ ಬೆನ್ನುನೋವು ಎಂದು ಹಾಸಿಗೆ ತಂದಾಗ, "ಮನೇಲಿ ಯಾರ ಜೊತೆ ಮನಸ್ತಾಪ?" ಎಂದು ಕೇಳಿದ. "ನನ್ನ ಬಸ್ಸಿನ ಸೀಟಿನ ಜೊತೆ" ಎಂದು ಡ್ರೈವರು ಹಾಸಿಗೆ ಸುತ್ತಿ ಹೆಗಲಿಗೇರಿಸಿಕೊಂಡು ಬೇರೆ ಅಂಗಡಿಗೆ ಹೋದ. ಆ ಕಥೆಯನ್ನು ದಬ್ಬಣಪ್ಪ ಯಾರಿಗೂ ಹೇಳುತ್ತಿರಲಿಲ್ಲ.

ಹೀಗಿರುವಾಗ ಅವರ ಒಬ್ಬಳೇ ಮಗಳ ಮದುವೆಯಾಗಿ ಅವಳು ಬಸ್ಸಿನಲ್ಲಿ ಅರ್ಧ ದಿನದ ದೂರಕ್ಕೆ ಹೋದಳು. ಮೂರು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಹೆಂಡತಿ ಪರದೆ ಸರಿಸಿ ಅಂಗಡಿಯೊಳಕ್ಕೇ ಬಂದಳು.

"ಏನ್ರೀ, ನಮ್ಮ ಹಾಸಿಗೇನ ಒಂದ್ಸಲ ಬಿಚ್ಚಿ ಹಿಂಜಿ ಕೊಡಿ. ಬಲಗಡೆ ಸೊಂಟ ಬಹಳ ನೋಯುತ್ತೆ. ಮಲಗೋಕೆ ಆಗ್ತಿಲ್ಲ."

ಆ ಹಾಸಿಗೆ ಹನ್ನೊಂದು ವರ್ಷದ್ದು. ಊರವರ ಹಾಸಿಗೆಯನ್ನೆಲ್ಲ ಹಿಂಜಿದವನು ತನ್ನದನ್ನು ಒಂದು ಸಲವೂ ಬಿಚ್ಚಿರಲಿಲ್ಲ. ಯಾರ ಹಾಸಿಗೆಯಾದರೂ ಮೊದಲು ಅಂಗೈ ಇಟ್ಟು ನೋಡುವವನು ಈಗ ಅದನ್ನೂ ಮಾಡಲಿಲ್ಲ. ಹೆಂಡತಿಯ ಮುಖ ನೋಡಿದ, ಗೋಡೆಯ ಮೇಲಿದ್ದ ಮಗಳ ಫೋಟೋ ನೋಡಿದ, ತೀರ್ಪು ಕೊಟ್ಟೇಬಿಟ್ಟ.

"ನಿನಗೆ ನೋಯ್ತಿರೋದು ಸೊಂಟ ಅಲ್ಲ ಕಣೇ, ಮಗಳು."

"ಮಗಳು ನನ್ನ ಸೊಂಟದ ಮೇಲೆ ಕೂತಿದ್ದು ಮೂರು ವರ್ಷ ತುಂಬೋವರೆಗೆ. ಈಗ ನೋಯ್ತಿರೋದು ಮೂಳೆ."

"ಹಾಗೆ ಅನ್ನಿಸುತ್ತೆ. ಟೀಚರಿಗೂ ಹಾಸಿಗೆ ಉಬ್ಬಿದೆ ಅಂತ ಅನ್ನಿಸ್ತಿತ್ತಲ್ಲ?"

ಟೀಚರ ವಿಷಯವನ್ನು ಅವನಿಗೆ ಹೇಳಿಕೊಟ್ಟವಳು ತಾನೇ ಎಂದು ಅವಳು ನೆನಪಿಸಬಹುದಿತ್ತು. ನೆನಪಿಸಲಿಲ್ಲ. ಪರದೆ ಸರಿಸಿಕೊಂಡು ಒಳಗೆ ಹೋದಳು.

ದಬ್ಬಣಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಅವಳು ತಾನೇ ಡಾಕ್ಟರ ಹತ್ತಿರ ಹೋಗುತ್ತಿದ್ದಳು. ಅವನಿಗೆ ಹೆಂಡತಿಯ ಮೇಲೆ ನಿಜವಾಗಿ ಮರುಕ ಹುಟ್ಟಿತು. ಮಗಳಿಲ್ಲದ ಮನೆಯಲ್ಲಿ ಇವಳು ದಿನವಿಡೀ ಒಬ್ಬಳೇ ಪರದೆಯ ಹಿಂದೆ ಕೂತಿರುತ್ತಾಳಲ್ಲ ಎನ್ನಿಸಿತು. ಮರುದಿನದಿಂದಲೇ ಸಂಜೆ ಐದೂವರೆಗೆ ಅಂಗಡಿಯ ಶಟರ್ ಎಳೆದು, ಹುಬ್ಬಿನ ಹತ್ತಿ ಒರೆಸಿ, ಅವಳನ್ನು ಪಾರ್ಕಿಗೆ ಕರೆದುಕೊಂಡು ಹೊರಟ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಬೀದಿಯ ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಎತ್ತಿ ಹಿಡಿದು ನೋಡುತ್ತ ನಿಂತವನು, ಕೆಳಗಿಡಲು ಮರೆತ.

ದಿನಾ ಮೂರು ಸುತ್ತು. ಕಾಲುಹಾದಿಗೆ ಜಲ್ಲಿ ಹಾಸಿತ್ತು, ಸಿಮೆಂಟಿನ ಬೆಂಚುಗಳಿದ್ದವು, ಆದರೆ ಕೂತರೆ ಮನಸ್ಸು ಭಾರವಾಗುತ್ತದೆ ಎಂದು ದಬ್ಬಣಪ್ಪ ಕೂರಲು ಬಿಡುತ್ತಿರಲಿಲ್ಲ. ನಡೆಯುತ್ತ ಅವನು ಮಾತಾಡಿದ. ತನ್ನ ಅಪ್ಪ ಕೆಲಸ ಕಲಿಸುವಾಗ ಗಂಟು ಸಡಿಲವಾದರೆ ಬೆರಳಿನ ಮೇಲೆ ಹೊಡೆಯುತ್ತಿದ್ದದ್ದು, ಮೊದಲ ಸಲ ದಬ್ಬಣ ಅಂಗೈಗೆ ಚುಚ್ಚಿದ್ದು, ಇವಳನ್ನು ನೋಡಲು ಬಂದ ದಿನ ತನ್ನ ಕಿವಿಯಲ್ಲಿ ಹತ್ತಿ ಉಳಿದು ಇವಳ ಮಾತು ಅರ್ಧ ಕೇಳಿಸದೆ ಹೋದದ್ದು. ಅವಳು ನಕ್ಕಳು. ಹತ್ತಿ ಕಿವಿಯಲ್ಲಿ ಇದ್ದದ್ದು ಆಗಲೇ ಕಂಡಿತ್ತು, ಹೇಳಲು ನಾಚಿಕೆಯಾಗಿತ್ತು ಎಂದಳು. ಅವನು ಅಷ್ಟೊಂದು ಮಾತಾಡಬಲ್ಲ ಎಂಬುದು ಅವಳಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

"ಹೇಗಿದೆ ಸೊಂಟ?" ಎಂದು ಅವನು ಕೇಳಿದರೆ, "ಪರವಾಗಿಲ್ಲ" ಎನ್ನುತ್ತಿದ್ದಳು. ಅವನಿಗೆ ಅಷ್ಟೇ ಬೇಕಿತ್ತು. ನಾಲ್ಕನೇ ವಾರದಲ್ಲಿ ಎರಡನೇ ಸುತ್ತಿನ ಹೊತ್ತಿಗೆ ಅವಳು ಅವನ ಮೊಣಕೈ ಹಿಡಿದುಕೊಂಡಳು. ದಬ್ಬಣಪ್ಪ ಉಬ್ಬಿಹೋದ. ಈ ವಯಸ್ಸಿನಲ್ಲಿ, ನಾಲ್ಕು ಜನರ ಎದುರಿಗೆ! ಕೈ ಹಿಡಿದದ್ದು ಭಾರ ಹಾಕುವುದಕ್ಕೆ ಎಂಬುದು ಅವನ ತಲೆಗೇ ಹೊಳೆಯಲಿಲ್ಲ. ಮಾರನೆಯ ದಿನ ಅಂಗಡಿಗೆ ಬಂದವರಿಗೆಲ್ಲ, ನನ್ನ ಮನೆಯಲ್ಲೇ ಹಾಸಿಗೆ ಮುಟ್ಟದೆ ಸೊಂಟನೋವು ವಾಸಿ ಮಾಡಿದ್ದೇನೆ ಎಂದು ಹೇಳಿಕೊಂಡ.

ಆರನೇ ವಾರ ಗಿರಾಕಿಯೊಬ್ಬರಿಂದ ಒಂದು ಹಾಸಿಗೆ ವಾಪಸ್ ಬಂತು. ಚೀಲದ ಹೊಲಿಗೆ ಸೊಟ್ಟಗೆ ಹೋಗಿ ಒಂದು ಮೂಲೆ ಬಿಟ್ಟುಕೊಂಡಿತ್ತು. ಅವಳ ಹೊಲಿಗೆ ಇಪ್ಪತ್ತಾರು ವರ್ಷದಲ್ಲಿ ಒಂದು ಎಳೆ ಅತ್ತಿತ್ತ ಆದದ್ದಿಲ್ಲ. ಪೆಡಲು ತುಳಿಯುವ ಕಾಲು ಯಾವುದು, ಅದು ಹೇಗಿದೆ ಎಂದು ಒಂದು ಸಲ ಬಗ್ಗಿ ನೋಡಿದ್ದರೆ ಮುಗಿಯುತ್ತಿತ್ತು. ನಮ್ಮ ಪಂಡಿತ ಹಾಗೆ ಮಾಡುತ್ತಾನೆಯೇ? ಇವಳ ಮನಸ್ಸು ಇನ್ನೂ ಇಲ್ಲಿಲ್ಲ, ತಾನೊಬ್ಬ ಮಾತಾಡಿದರೆ ಸಾಲದು, ಹೆಂಗಸರ ಹತ್ತಿರ ಹೆಂಗಸರೇ ಮನಸ್ಸು ಬಿಚ್ಚಬೇಕು ಎಂದು ಯೋಚಿಸಿ ಟೀಚರಿಗೆ ಫೋನು ಮಾಡಿದ. "ಒಂದು ಗಂಟೆ ಬಂದು ಇವಳ ಜೊತೆ ಕೂತು ಹೋಗಿ" ಎಂದ.

ಮಧ್ಯಾಹ್ನ ಟೀಚರು ಬಂದು ಪರದೆಯ ಒಳಗೆ ಹೋದರು. ಇಬ್ಬರೂ ಸಂಕೋಚವಿಲ್ಲದೆ ಮಾತಾಡಲಿ ಎಂದು ದಬ್ಬಣಪ್ಪ ಹಿಂಜುವ ಯಂತ್ರ ಹಾಕಿದ. ಕಾಲು ಗಂಟೆಯಾಗಿತ್ತೋ ಇಲ್ಲವೋ, ಯಂತ್ರ ತಾನಾಗಿ ನಿಂತಿತು. ತಿರುಗಿ ನೋಡಿದರೆ ಸ್ವಿಚ್ಚಿನ ಹತ್ತಿರ ಟೀಚರು.

"ನಿಮ್ಮ ಹೆಂಡತಿ ಕುರ್ಚಿಯಿಂದ ಏಳೋದನ್ನ ಯಾವಾಗ ನೋಡಿದ್ರಿ?"

"ದಿನಾ ನೋಡ್ತೀನಲ್ಲ ಟೀಚರ್."

"ಕಣ್ಣು ಬಿಟ್ಕೊಂಡಾ? ನನಗೆ ಟೀ ಮಾಡ್ತೀನಿ ಅಂತ ಎದ್ದರು. ಎರಡು ಕೈಯಲ್ಲೂ ಮೇಜು ಹಿಡಿದು ಎದ್ದರು. ಬಲಗಾಲು ನೆಲಕ್ಕೆ ಊರೋಕೆ ಆಗ್ತಿಲ್ಲ. ಗೋಡೆ ಹಿಡ್ಕೊಂಡು ಒಲೆ ತನಕ ಹೋದರು. ಅವರಿಗೆ ನನ್ನ ಮಾತು ಬೇಡ ಕಣ್ರೀ, ಡಾಕ್ಟರ್ ಬೇಕು!"

ದಬ್ಬಣಪ್ಪ ಮೂಗಿನ ಬಟ್ಟೆಯನ್ನೂ ಬಿಚ್ಚದೆ ಒಳಗೆ ಹೋದ. ಹೆಂಡತಿ ಒಲೆಯ ಕಟ್ಟೆಗೆ ಒರಗಿ ನಿಂತಿದ್ದಳು. "ಏನಿಲ್ಲ ಬಿಡಿ, ಟೀಚರು ಸುಮ್ನೆ ಗಾಬರಿಯಾದ್ರು" ಎಂದಳು. ಅವನು ಅವಳನ್ನು ದಾಟಿಕೊಂಡು ಮಲಗುವ ಕೋಣೆಗೆ ಹೋಗಿ, ಹೊದಿಕೆ ಎಳೆದುಹಾಕಿ, ತನ್ನದೇ ಹಾಸಿಗೆಯ ಪಕ್ಕ ಮಂಡಿಯೂರಿ ಅಂಗೈ ಇಟ್ಟ.

ಅವನು ಮಲಗುವ ಕಡೆ ತಲೆಯಿಂದ ಕಾಲಿನವರೆಗೆ ಉದ್ದಕ್ಕೆ ಒಂದು ಗುಳಿ. ಸುಖವಾಗಿ ನಿದ್ದೆ ಮಾಡುವ ಗಂಡಸಿನ ಗುಳಿ. ಅವಳ ಕಡೆ ಅಂಗೈ ಆಡಿಸಿದ. ಹೆಗಲು, ಸೊಂಟ, ಹಿಮ್ಮಡಿಯ ಹಳೇ ಗುಳಿಗಳು ಮಾಸುತ್ತ ಬಂದಿದ್ದವು. ಹತ್ತಿ ಗಂಟುಗಂಟಾಗಿ ಹೆಪ್ಪುಗಟ್ಟಿ ಕೂತಿತ್ತು, ಬಹಳ ದಿನದಿಂದ ಯಾರೂ ಮಲಗದ ಹಾಸಿಗೆಯ ಹಾಗೆ. ಕೈ ತಲೆದಿಂಬಿನ ಕಡೆಗೆ ಹೋದಾಗ, ಗೋಡೆಗೆ ಅಂಟಿಕೊಂಡಂತೆ, ಒಂದೇ ಒಂದು ದುಂಡನೆಯ ಗುಳಿ ಸಿಕ್ಕಿತು. ಅದರ ಮೇಲೆ ಗೋಡೆಯ ಬಣ್ಣ ತಲೆಯೆತ್ತರಕ್ಕೆ ಕೂದಲಿನ ಎಣ್ಣೆಯಿಂದ ಕಪ್ಪಾಗಿತ್ತು. ಅಂಥ ಗುಳಿ ಅವನಿಗೆ ಹೊಸದಲ್ಲ. ದಮ್ಮಿನ ರೋಗಿಗಳ ಮನೆಯಿಂದ ಬರುವ ಹಾಸಿಗೆಗಳಲ್ಲಿ ನೋಡಿದ್ದ. ಅದು ಕೂತು ರಾತ್ರಿ ಕಳೆಯುವವರ ಗುಳಿ.

"ಎಷ್ಟು ದಿನದಿಂದ?" ಎಂದು ಕೇಳಿದ.

"ಒಂದು ತಿಂಗಳಾಯ್ತೇನೋ" ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ.

ಒಂದು ತಿಂಗಳು ಇವಳು ಕೂತಿದ್ದಾಳೆ, ಒಂದು ಮೊಳ ದೂರದಲ್ಲಿ ತಾನು ಗೊರಕೆ ಹೊಡೆದಿದ್ದೇನೆ, ಬೆಳಗಾದರೆ ಇವಳ ನೋವು ವಾಸಿ ಮಾಡಿದೆ ಎಂದು ಊರಿಗೆಲ್ಲ ಸಾರಿದ್ದೇನೆ. ಅವನಿಗೆ ನಾಚಿಕೆಯಾಯಿತು. ಭಯ ಅದಕ್ಕಿಂತ ಹೆಚ್ಚಾಯಿತು. ಟೀಚರು ಅಷ್ಟರಲ್ಲಿ ಆಟೋ ಕರೆದಿದ್ದರು.

ಎಕ್ಸ್‌ರೇ ನೋಡಿದ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ತೊಡೆಯ ಮೂಳೆ ಸೊಂಟಕ್ಕೆ ಸೇರುವ ಜಾಗದಲ್ಲಿ ಪೆನ್ನಿನ ತುದಿ ಇಟ್ಟು ತೋರಿಸಿದರು. ಕೂದಲೆಳೆಯಷ್ಟು ಗೆರೆ.

"ಮೂಳೆ ಸವೆದು ಬಿರುಕು ಬಿಟ್ಟಿದೆ. ಬಿದ್ದಿದ್ರಾ?"

"ಇಲ್ಲ."

"ಈ ನೋವಿಟ್ಕೊಂಡು ಹೆಚ್ಚು ನಡೆದಾಡಿದ್ರಾ?"

ಹೆಂಡತಿ ಗಂಡನ ಕಡೆ ನೋಡಿದಳು. ದಬ್ಬಣಪ್ಪನೇ ಹೇಳಿದ. "ದಿನಾ ನಡೆದಿದಾಳೆ. ಪಾರ್ಕಲ್ಲಿ ಮೂರು ಸುತ್ತು. ನಾನೇ ಕರ್ಕೊಂಡು ಹೋಗ್ತಿದ್ದೆ."

ಡಾಕ್ಟರು ಪೆನ್ನು ಕೆಳಗಿಟ್ಟು ಅವನ ಕಡೆ ತಿರುಗಿದರು. "ಇನ್ನೊಂದು ವಾರ ಹೀಗೇ ನಡೆಸಿದ್ರೆ ಮೂಳೆ ಪೂರ್ತಿ ಮುರೀತಿತ್ತು. ಆಮೇಲೆ ಆಪರೇಷನ್ನು. ಮೊದಲಿನ ಹಾಗೆ ನಡೀತಿದ್ರೋ ಇಲ್ವೋ ಹೇಳೋಕಾಗಲ್ಲ. ಈಗ ಎರಡು ತಿಂಗಳು ಬಲಗಾಲಿನ ಮೇಲೆ ಒಂದು ಚೂರೂ ಭಾರ ಬೀಳಬಾರದು. ಊರುಗೋಲು ಬೇಕು. ಸಮವಾಗಿರೋ ಒಳ್ಳೆ ಹಾಸಿಗೆ ಬೇಕು. ಮನೇಲಿ ಇದೆಯಾ?"

ಟೀಚರು ಕಿಟಕಿಯ ಕಡೆ ತಿರುಗಿಕೊಂಡರು. ದಬ್ಬಣಪ್ಪ, "ಮಾಡ್ತೀನಿ ಡಾಕ್ಟ್ರೇ" ಎಂದ.

ಅವತ್ತೇ ಹನ್ನೊಂದು ವರ್ಷದ ಹಾಸಿಗೆಯ ಹೊಲಿಗೆ ಬಿಚ್ಚಿದ. ಒಳಗಿನ ಹತ್ತಿ ಹಳದಿಯಾಗಿ, ಕಲ್ಲಿನ ಉಂಡೆಯಾಗಿತ್ತು. ಅದನ್ನು ಮೂಟೆ ಕಟ್ಟಿ ಆಚೆ ಇಟ್ಟು, ಗಿರಾಕಿಗೆಂದು ತೆಗೆದಿರಿಸಿದ್ದ ಉದ್ದೆಳೆಯ ಹೊಸ ಹತ್ತಿಯನ್ನು ಎರಡು ಸಲ ಹಿಂಜಿದ. ಚೀಲ ಹೊಲಿಯುವವರು ಯಾರು? ಅವನೇ ಅವಳ ಯಂತ್ರದ ಮುಂದೆ ಕೂತ. ಅವಳು ಕುರ್ಚಿಯಲ್ಲಿ ಕೂತು, ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, "ಬಟ್ಟೆ ಎಳೀಬೇಡಿ, ಅದು ತಾನಾಗಿ ಹೋಗುತ್ತೆ. ಅಯ್ಯೋ, ಆ ಪೆಡಲು ನಿಮ್ಮ ವೈರೀನಾ?" ಎನ್ನುತ್ತಿದ್ದಳು. ಹೊಲಿಗೆ ಹಾವು ಹರಿದ ಹಾಗೆ ಬಂತು. ಅವಳು ಬಿಚ್ಚಿಸಿ ಎರಡನೇ ಸಲ ಹೊಲಿಸಿದಳು. ಗಂಟು ಮಾತ್ರ ಅವನು ಗೇಣಿಗೊಂದರಂತಲ್ಲ, ಅರ್ಧ ಗೇಣಿಗೊಂದು ಹಾಕಿದ. ನಡುರಾತ್ರಿಯ ಹೊತ್ತಿಗೆ ಅವಳನ್ನು ಎತ್ತಿ ಮಲಗಿಸಿದಾಗ ಅವಳು ನಿಧಾನವಾಗಿ ಎಡಮಗ್ಗುಲಿಗೆ ಹೊರಳಿ, ಹಲ್ಲು ಕಚ್ಚದೆ ಉಸಿರು ಬಿಟ್ಟಳು. ಅಷ್ಟಕ್ಕೇ ಅವನ ಕಣ್ಣು ತುಂಬಿತು.

ಅಂದಿನಿಂದ ದಬ್ಬಣಪ್ಪ ಮನಸ್ಸಿನ ಸುದ್ದಿಯನ್ನೇ ಬಿಟ್ಟ. "ಏನು, ಮೈಯಾ ಮನಸ್ಸಾ ಅಂತ ಕೇಳಲ್ವಾ?" ಎಂದು ಗಿರಾಕಿಗಳು ರೇಗಿಸಿದರೆ, "ಎಷ್ಟಡಿ ಬೇಕು ಅದನ್ನ ಹೇಳಿ" ಎನ್ನುವನು. ಮನೆಯಲ್ಲೂ ಹಾಗೇ. ಗಂಟೆಗೊಮ್ಮೆ ಬರುವನು. ಮಾತ್ರೆ, ನೀರು, ಕಾಲಡಿಯ ದಿಂಬು, ಊರುಗೋಲು ಕೈಗೆಟಕುವ ಹಾಗಿದೆಯೇ, ಮುಗಿಯಿತು. ಎಲ್ಲ ಸರಿಯಿದೆ ಎಂದು ಕಂಡರೆ ಅಂಗಡಿಗೆ. ಒಂದು ಕೆಲಸವೂ ತಪ್ಪಲಿಲ್ಲ, ಒಂದು ಮಾತ್ರೆಯೂ ತಡವಾಗಲಿಲ್ಲ. ಮಗಳು ಬಂದು ನಾಲ್ಕು ದಿನ ಇದ್ದು, ಅಪ್ಪ ನರ್ಸಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದು ಹೇಳಿ ಹೋದಳು. ಪರದೆಯ ಮಾತು ಮೊದಲಿನಂತೆ ಶುರುವಾಯಿತು. "ನೀರು ಬೇಕೇನೇ?" "ಬೇಡ." "ದಿಂಬು?" "ಸರಿಯಿದೆ."

ಮೂರನೇ ವಾರದ ಒಂದು ಬೆಳಗ್ಗೆ ಅವಳು ಒಳಗಿನಿಂದ ಕೂಗಿದಳು. ಅವನು ಯಂತ್ರ ನಿಲ್ಲಿಸಿ ಓಡಿ ಬಂದ.

"ನೀರಾ?"

"ಅಲ್ಲ."

"ನೋಯ್ತಿದೆಯಾ? ಹಾಸಿಗೆ ಎಲ್ಲಾದ್ರೂ ಜಗ್ಗಿತಾ?"

"ಹಾಸಿಗೆ ಚೆನ್ನಾಗಿದೆ. ನೋವು ಇಲ್ಲ."

"ಮತ್ತೆ ಯಾಕೆ ಕರೆದೆ?"

ಅವಳು ಹೊಸ ಹಾಸಿಗೆಯ ಗಂಟೊಂದನ್ನು ಬೆರಳಲ್ಲಿ ತಿರುಗಿಸಿದಳು. ಆಮೇಲೆ, ಅಳತೆ ಹೇಳುವಷ್ಟೇ ಸಹಜವಾಗಿ ಹೇಳಿದಳು.

"ನಡೆದರೆ ನೋವು ಜಾಸ್ತಿಯಾಗುತ್ತೆ ಅಂತ ನನಗೆ ಪಾರ್ಕಿಗೆ ಹೋದ ಮೊದಲನೇ ವಾರವೇ ಗೊತ್ತಾಗಿತ್ತು."

ದಬ್ಬಣಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೂ ನಡೆದೆಯಾ? ಕಾಲು ಹೋಗ್ತಿತ್ತಲ್ಲೇ! ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?"

"ಹೇಳಿದ್ರೆ ನೀವು ಹಾಸಿಗೆ ಹಿಂಜಿ ಕೊಟ್ಟು ಅಂಗಡೀಗೆ ಹೋಗಿಬಿಡ್ತಿದ್ರಿ. ಈಗ ದಿನಾ ಹೋಗ್ತೀರಲ್ಲ, ಹಾಗೆ."

ಬಿರುಕು ಬಿಟ್ಟ ಮೂಳೆಯ ಮೇಲೆ ಇವಳು ಆರು ವಾರ, ದಿನಕ್ಕೆ ಮೂರು ಸುತ್ತು ನಡೆದದ್ದು ತನ್ನ ಪಕ್ಕದಲ್ಲಿ ನಡೆಯುವುದಕ್ಕೆ. ಅವನು ಕಾಲಡಿಯ ದಿಂಬು ಸರಿ ಮಾಡಲು ಬಗ್ಗಿದ. ಅದು ಸರಿಯಾಗಿಯೇ ಇತ್ತು.

"ಅದನ್ನ ಬಿಡಿ, ಕೂತ್ಕೊಳ್ಳಿ" ಎಂದಳು. "ನಿಮ್ಮಪ್ಪ ಮಳೇಲಿ ಹತ್ತಿ ಮೂಟೆ ಹೊತ್ಕೊಂಡು ಬಂದ ಕಥೆ ಅರ್ಧಕ್ಕೆ ನಿಂತಿತ್ತು. ಅವತ್ತು ಪಾರ್ಕಲ್ಲಿ ಅಷ್ಟರಲ್ಲೇ ಮೂರನೇ ಸುತ್ತು ಮುಗಿದು ಮನೆಗೆ ಬಂದ್ವಲ್ಲ. ಆಮೇಲೆ ಏನಾಯ್ತು?"

ದಬ್ಬಣಪ್ಪ ಮೂಗಿನ ಬಟ್ಟೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಹಾಸಿಗೆಯ ಮೇಲೆ ಅವಳ ಪಕ್ಕ ಕೂತ. "ಆಮೇಲೇನು, ಮೂಟೆ ನೆಂದು ಅಪ್ಪನಿಗಿಂತ ಭಾರ ಆಯ್ತು" ಎಂದು ಶುರು ಮಾಡಿದ. ಅಂಗಡಿಯಲ್ಲಿ ಯಾರೋ "ಹಾಸಿಗೆಯವರೇ" ಎಂದು ಕೂಗಿದರು. "ಸಂಜೆ ಬನ್ನಿ" ಎಂದು ಅವನು ಕೂತಲ್ಲಿಂದಲೇ ಕೂಗಿ ಹೇಳಿ, ಅಪ್ಪನ ಕಥೆ ಮುಂದುವರಿಸಿದ.